ಮೂರೂವರೆ ಗಂಟೆಯ ಗುಂಡಿ

ಆಕ್ಲೆಂಡಿನಿಂದ ನಿಯುವೆ ದ್ವೀಪಕ್ಕೆ ಎರಡೂವರೆ ಸಾವಿರ ಕಿಲೋಮೀಟರ್. ವಿಮಾನಕ್ಕೆ ಮೂರೂವರೆ ಗಂಟೆಯ ದಾರಿ. ಬೆನ್ನಿಗೆ ಗಾಳಿ ಸಿಕ್ಕರೆ ಹತ್ತು ನಿಮಿಷ ಮೊದಲು, ಎದುರು ಸಿಕ್ಕರೆ ಕಾಲು ಗಂಟೆ ತಡ. ವಿಲಿತಾಮಾ ಈ ಲೆಕ್ಕವನ್ನು ಬೇರೆ ಅಳತೆಯಲ್ಲಿ ಇಟ್ಟುಕೊಂಡಿದ್ದ. ಮೊದಲ ಅರ್ಧ ಗಂಟೆಗೆ ಮೇಲಿನ ಮಣ್ಣು ಹೋಗಬೇಕು. ಎರಡನೆಯ ಗಂಟೆ ಮುಗಿಯುವಾಗ ಗುಂಡಿ ಬಂಡೆಯೊಳಗೆ ಸೊಂಟದವರೆಗೆ ಇಳಿದಿರಬೇಕು. ಮೂರಕ್ಕೆ ಎದೆಮಟ್ಟ. ಉಳಿದ ಅರ್ಧ ಗಂಟೆ ಗೋಡೆ ಸವರಲು, ತಳಕ್ಕೆ ಕಡಲದಡದ ಬಿಳಿ ಹರಳು ಹಾಸಲು. ವಿಮಾನದ ಸದ್ದು ಊರಿನ ಮೇಲೆ ಕೇಳುವಷ್ಟರಲ್ಲಿ ಅವನು ಗುಂಡಿಯಿಂದ ಮೇಲೆ ಬಂದು ಕೈಕಾಲು ತೊಳೆದು, ಬಿಳಿ ಅಂಗಿ ತೊಟ್ಟಿರಬೇಕು.

ಇಪ್ಪತ್ತಾರು ವರ್ಷಗಳಲ್ಲಿ ಹೀಗೆ ನಲವತ್ತೊಂದು ಗುಂಡಿ ತೋಡಿದ್ದ. ಊರಲ್ಲೇ ಸತ್ತವರಿಗೆ ತೋಡಿದ್ದು ಇದರಲ್ಲಿ ಸೇರಿಲ್ಲ. ಇವು ವಿಮಾನದಲ್ಲಿ ಬಂದವರದ್ದು. ದ್ವೀಪದಲ್ಲಿ ಉಳಿದವರಿಗಿಂತ ಹತ್ತು ಪಟ್ಟು ಜನ ಆಕ್ಲೆಂಡಿನಲ್ಲಿದ್ದಾರೆ. ಅಲ್ಲಿ ದುಡಿದು, ಅಲ್ಲಿ ಮಕ್ಕಳನ್ನು ಹೆತ್ತು, ಅಲ್ಲಿಯ ಆಸ್ಪತ್ರೆಯಲ್ಲಿ ಸತ್ತು, ಕೆಲವರು ಮಾತ್ರ ಸಾಮಾನಿನ ಜಾಗದಲ್ಲಿ ಮಲಗಿ ವಾಪಸು ಬರುತ್ತಾರೆ. ಬಂದವರನ್ನು ರಸ್ತೆಯ ಪಕ್ಕದಲ್ಲಿ, ಅವರವರ ಮನೆಯ ಮುಂದೆ, ಅವರವರ ತಾಯಿತಂದೆಯರ ಸಾಲಿನಲ್ಲಿ ಇಡುತ್ತಾರೆ. ಹಲವು ಮನೆಗಳ ಸೂರು ಬಿದ್ದಿದೆ. ಅಂಗಳದ ಗೋರಿಗಳು ಮಾತ್ರ ಸುಣ್ಣ ಬಳಿಸಿಕೊಂಡು ನಿಂತಿವೆ.

ಒಂದು ದಿನ ಮೊದಲೇ ತೋಡಿಟ್ಟರೆ ಗಡಿಯಾರದ ಹಿಂದೆ ಓಡುವ ಈ ಕಷ್ಟವೇ ಇಲ್ಲ. ಆದರೆ ವಿಲಿತಾಮಾನ ಮನೆತನದಲ್ಲಿ ಅದು ಆಗದ ಮಾತು. ಅವನ ಅಪ್ಪನೂ ಗುಂಡಿ ತೋಡುತ್ತಿದ್ದವನು. ಅಪ್ಪನದು ಒಂದೇ ಕಟ್ಟಳೆ: ತೋಡಿದ ಗುಂಡಿಯನ್ನು ಹೊತ್ತು ಮುಳುಗುವ ಮೊದಲು ಮುಚ್ಚಬೇಕು, ಹೆಣ ಇಳಿದಿರಲಿ, ಬಿಡಲಿ. ಬಾಯಿ ತೆರೆದು ರಾತ್ರಿ ಕಳೆದ ಗುಂಡಿ ಆ ಮನೆಯಿಂದ ಇನ್ನೊಬ್ಬರನ್ನು ಕೇಳುತ್ತದೆ ಎಂದು ಅಪ್ಪ ನಂಬಿದ್ದ. ವಿಲಿತಾಮಾ ನಂಬಿದ್ದನೋ ಇಲ್ಲವೋ, ಯಾರೂ ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ. ವಿಮಾನದಲ್ಲಿ ಹೆಣ ಬರತೊಡಗಿದ ಮೇಲೆ ಅವನು ಕಟ್ಟಳೆಯನ್ನೂ ವೇಳಾಪಟ್ಟಿಯನ್ನೂ ಕೂಡಿಸಿ ತನ್ನದೇ ಒಂದು ಕ್ರಮ ಮಾಡಿಕೊಂಡ. ಆಕ್ಲೆಂಡಿನಲ್ಲಿ ವಿಮಾನದ ಬಾಗಿಲು ಹಾಕಿದ ಸುದ್ದಿ ಫೋನಿನಲ್ಲಿ ಬರಬೇಕು. ಬಂದ ಮೇಲೆಯೇ ಮೊದಲ ಹಾರೆ. ಆಗ ವಿಮಾನ ಇಳಿಯುವುದಕ್ಕೂ ಗುಂಡಿ ಮುಗಿಯುವುದಕ್ಕೂ ಸರಿಹೋಗುತ್ತದೆ, ಸಂಜೆಯೊಳಗೆ ಎಲ್ಲ ಮುಚ್ಚಿರುತ್ತದೆ.

ಅವನು ಒಮ್ಮೆ ಮಾತ್ರ ಆ ವಿಮಾನ ಹತ್ತಿದ್ದ, ಹರ್ನಿಯಾದ ಶಸ್ತ್ರಚಿಕಿತ್ಸೆಗೆ. ವಾಪಸು ಬರುವಾಗ ಕಿಟಕಿಯ ಪಕ್ಕದ ಸೀಟು ಸಿಕ್ಕಿದ್ದರೂ ಹೊರಗೆ ನೋಡಲಿಲ್ಲ. ಕೈಗಡಿಯಾರ ನೋಡುತ್ತ, ಈಗ ಮೊಣಕಾಲು, ಈಗ ಸೊಂಟ, ಎಂದು ಗೊಣಗುತ್ತ ಬಂದ. ಪಕ್ಕದಲ್ಲಿ ಕೂತಿದ್ದ ಅಕ್ಕ ಹಿವಾ ಅವನ ತೊಡೆಗೆ ಚಿವುಟಿ, “ಯಾರದೋ ಅದು, ನನ್ನದಾ?” ಎಂದು ನಕ್ಕಿದ್ದಳು.

ಹಿವಾ ಅವನಿಗಿಂತ ಒಂಬತ್ತು ವರ್ಷ ದೊಡ್ಡವಳು. ತಾಯಿ ಸತ್ತಾಗ ವಿಲಿತಾಮಾಗೆ ಆರು. ಕೆಸುವಿನ ಗೆಡ್ಡೆ ಕಿತ್ತು ತಂದು, ಬೇಯಿಸಿ, ಅವನ ಕಿವಿ ಹಿಂಡಿ ಶಾಲೆಗೆ ಕಳಿಸಿ, ಅವಳೇ ಬೆಳೆಸಿದ್ದು. ಮೂವತ್ತೊಂದನೆಯ ವಯಸ್ಸಿಗೆ ಗಂಡನ ಜೊತೆ ಆಕ್ಲೆಂಡಿಗೆ ಹೋಗಿ, ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಇಪ್ಪತ್ತೆಂಟು ವರ್ಷ ದುಡಿದಳು. ಮಗ ಡೇನಿಯಲ್, ಮಗಳು ಅತಾಲಿನಾ ಇಬ್ಬರೂ ಅಲ್ಲೇ ಹುಟ್ಟಿದವರು. ಗಂಡ ಅಲ್ಲೇ ಸತ್ತ, ಅಲ್ಲೇ ಮಣ್ಣಾದ. ಹಾಗಿದ್ದೂ ತಮ್ಮನ ಜೊತೆ ಬಂದ ಆ ಸಲ, ಹೊರಡುವ ಮುನ್ನಾದಿನ ಹಿವಾ ಮನೆಯ ಮುಂದಿನ ಗೋರಿಗಳ ಸಾಲಿನಲ್ಲಿ ತಾಯಿಯ ಪಕ್ಕ ಖಾಲಿ ಇದ್ದ ಜಾಗದಲ್ಲಿ ನಿಂತು, ಚಪ್ಪಲಿಯಿಂದ ನೆಲ ಕೆರೆದು ಹೇಳಿದ್ದಳು: “ಇಲ್ಲಿ. ನೀನೇ ತೋಡ್ಬೇಕು. ಅಗಲ ಮಾಡು, ನಾನು ದಪ್ಪ ಇದೀನಿ.”

ಇದನ್ನು ಅವಳು ಕಾಗದದಲ್ಲಿ ಬರೆದಿಡಲಿಲ್ಲ. ಹೇಳಿದ್ದು ತಮ್ಮನಿಗೊಬ್ಬನಿಗೆ.

ಫೆಬ್ರವರಿಯಲ್ಲಿ ಅವಳು ಸತ್ತಾಗ ಅದೇ ತೊಡಕಾಯಿತು. ಡೇನಿಯಲ್ ಫೋನಿನಲ್ಲಿ ದನಿ ಎತ್ತಲಿಲ್ಲ. ಅವನು ಬಸ್ಸು ಓಡಿಸುವವನು, ದಣಿದ ದನಿ.

“ಮಾಮಾ, ಅಪ್ಪನ ಪಕ್ಕ ಜಾಗ ಇದೆ. ಆಗಲೇ ತಗೊಂಡಿಟ್ಟಿದ್ದು. ಅಲ್ಲಿಗೆ ನಾವು ವಾರ ವಾರ ಹೋಗ್ಬಹುದು. ನಿಮ್ಮೂರಿಗೆ ಯಾರು ಬರ್ತಾರೆ? ನೀವಿದೀರ, ಸರಿ. ನೀವಾದ್ಮೇಲೆ?”

ವಿಲಿತಾಮಾಗೆ ಮಕ್ಕಳಿಲ್ಲ, ಹೆಂಡತಿ ಬಿಟ್ಟುಹೋಗಿ ಹದಿನೇಳು ವರ್ಷ. “ನಿಮ್ಮಮ್ಮ ಕೇಳಿದ್ಲು ಮಗಾ. ಜಾಗ ತೋರ್ಸಿದ್ಲು,” ಎಂದಷ್ಟೇ ಹೇಳಿದ. ನಾಲ್ಕು ದಿನ ಮೂರು ಫೋನು. ಮೂರನೆಯದರಲ್ಲಿ ಅತಾಲಿನಾ ಅಣ್ಣನ ಕೈಯಿಂದ ಫೋನು ತೆಗೆದುಕೊಂಡು, “ನಾನೇ ಕರ್ಕೊಂಡು ಬರ್ತೀನಿ ಮಾಮಾ. ಶನಿವಾರದ ವಿಮಾನ,” ಎಂದಳು. ಹಿಂದೆ ಡೇನಿಯಲ್ ಏನೋ ಅಂದದ್ದು ಕೇಳಿಸಿತು. ಅವನು ಒಪ್ಪಿದ್ದ, ಆದರೆ ಒಲ್ಲದ ಮನಸ್ಸಿನಿಂದ.

ನಡುವೆ ದಿನ ಬದಲಾಗುವ ಗೆರೆ ಇರುವುದರಿಂದ ಅಲ್ಲಿಯ ಶನಿವಾರ ಇಲ್ಲಿಯ ಶುಕ್ರವಾರ. ಆ ತಿಂಗಳಲ್ಲಿ ಎರಡು ಕಡೆಯೂ ಗಡಿಯಾರ ಒಂದೇ, ವಾರ ಮಾತ್ರ ಬೇರೆ.

ಶುಕ್ರವಾರ ಬೆಳಿಗ್ಗೆ ಎಂಟಕ್ಕೆಲ್ಲ ಮಿತಿಪೆಲೊ ಕಲ್ಲು ಒಡೆಯುವ ಯಂತ್ರ ಹೇರಿಕೊಂಡು ಬಂದ. ವಿಲಿತಾಮಾನ ದಾಯಾದಿ, ನಲವತ್ತೈದರ ಆಳು, ಸರ್ಕಾರದ ರಸ್ತೆ ಕೆಲಸದಲ್ಲಿದ್ದವನು. ಯಂತ್ರ ಎರವಲು ತರುವ ಹೊಣೆ ಅವನದು. ವಾಯವ್ಯದಿಂದ ಗಾಳಿ ಬೀಸುತ್ತಿತ್ತು. ಆಕಾಶ ಒದ್ದೆ ಕಂಬಳಿಯಂತೆ ತೆಂಗಿನ ತಲೆಗಳ ಮೇಲೆ ಇಳಿದಿತ್ತು.

“ಅಣ್ಣ, ಈ ಗಾಳೀಲಿ ಬರತ್ತಾ ಅದು?”

“ಬಾಗಿಲು ಹಾಕಿದ್ರೆ ಬರತ್ತೆ.”

ಒಂಬತ್ತೂ ಹತ್ತಕ್ಕೆ ಅತಾಲಿನಾ ಫೋನು ಮಾಡಿದಳು. “ಅಮ್ಮ ಒಳಗಿದಾಳೆ ಮಾಮಾ. ಹತ್ಸಿದ್ದು ನಾನೇ ನೋಡ್ದೆ. ಬಾಗಿಲು ಹಾಕ್ತಿದಾರೆ, ಫೋನು ಇಡ್ಬೇಕು.”

ವಿಲಿತಾಮಾ ಹಾರೆ ಎತ್ತಿದ. ಅಕ್ಕ ಚಪ್ಪಲಿಯಿಂದ ತೋರಿಸಿದ ಕಡೆ ಮಣ್ಣು ಒಂದು ಗೇಣು ಮಾತ್ರ. ಅದರ ಕೆಳಗೆ ಹಳೆಯ ಹವಳದ ಬಂಡೆ, ಬೂದು ಬಣ್ಣದ್ದು, ಅಂಚು ಕತ್ತಿಯಂಥದ್ದು. ಅಗಲವನ್ನು ಒಂದು ಗೇಣು ಹೆಚ್ಚೇ ಹಿಡಿದ. ಒಬ್ಬ ಯಂತ್ರ ಹಿಡಿದರೆ ಇನ್ನೊಬ್ಬ ಚೂರು ಎತ್ತಿ ಹಾಕುವುದು, ಕಾಲು ಗಂಟೆಗೊಮ್ಮೆ ಅದಲುಬದಲು. ಹತ್ತು ಗಂಟೆಗೆ ಮೊಣಕಾಲು ಮುಳುಗಿತು.

“ನಿನ್ನ ಅಳತೆ ಕೊಟ್ಟಿರು ಅಣ್ಣ,” ಮಿತಿಪೆಲೊ ಧೂಳಿನ ನಡುವೆ ಕೂಗಿದ. “ನಿಂದು ನಾನೇ ತೋಡೋದು ತಾನೇ?”

“ನೀನು ತೋಡಿದ್ರೆ ನಾನು ಕೂತ್ಕೊಂಡೇ ಇರ್ಬೇಕು. ಮೊನ್ನೆ ಆ ಶಾಲೆ ಹತ್ರ ತೋಡಿದ್ಯಲ್ಲ ಚರಂಡಿ, ಅದರಲ್ಲಿ ಕೋಳಿ ಕೂಡ ಮಲಗಲ್ಲ.”

ಮನೆಯೊಳಗೆ ತಿಫಾ ಚಿಕ್ಕಮ್ಮನ ಕಾರುಬಾರು. ಎಂಬತ್ತು ದಾಟಿದ ಮುದುಕಿ, ವಿಲಿತಾಮಾನ ತಾಯಿಯ ತಂಗಿ. ಊರ ಹೆಂಗಸರನ್ನೆಲ್ಲ ಸೇರಿಸಿ, ಕೆಸುವಿನ ಗೆಡ್ಡೆಯನ್ನೂ ಪರಂಗಿಯನ್ನೂ ತೆಳ್ಳಗೆ ಹೆಚ್ಚಿ, ತೆಂಗಿನ ಹಾಲು ಹೊಯ್ದು, ಎಲೆಯಲ್ಲಿ ಸುತ್ತಿ, ಕಾದ ಕಲ್ಲಿನ ಒಲೆಯಲ್ಲಿ ಹೂತಿದ್ದಳು. ನಡುನಡುವೆ ಹೊರಗೆ ಬಂದು ಗುಂಡಿಯಲ್ಲಿ ಇಣುಕುವುದು, “ಇನ್ನೂ ಸೊಂಟ ಬಂದಿಲ್ವಾ? ಅಡುಗೆ ಆಗೋಯ್ತು ನಂದು,” ಎಂದು ಹೇಳಿ ಹೋಗುವುದು.

ಹನ್ನೊಂದೂವರೆಗೆ ಫಿಸಾನ ಪಿಕಪ್ ಬಂತು. ಫಿಸಾ ವಿಮಾನ ನಿಲ್ದಾಣದಲ್ಲಿ ರೇಡಿಯೊ ನೋಡಿಕೊಳ್ಳುವವನು. ಆ ಹೊತ್ತಿನಲ್ಲಿ ಅವನು ಅಲ್ಲಿರಬೇಕಾದವನೇ ಹೊರತು ಇಲ್ಲಿ ಅಲ್ಲ. ವಿಲಿತಾಮಾ ಯಂತ್ರ ನಿಲ್ಲಿಸಿದ. ಸೊಂಟ ದಾಟಿತ್ತು.

ಫಿಸಾ ಗಾಡಿಯಿಂದ ಇಳಿದು ಗುಂಡಿಯ ಅಂಚಿಗೆ ಬಂದು ಕುಕ್ಕರುಗಾಲಲ್ಲಿ ಕೂತ.

“ತಿರುಗಿಸ್ಬಿಟ್ರು ಅಣ್ಣ.”

“ಎಲ್ಲಿ?”

“ಅರ್ಧಕ್ಕಿಂತ ಜಾಸ್ತಿ ಬಂದಿತ್ತು. ಎರಡು ಗಂಟೆ ಹತ್ತು ನಿಮಿಷ. ಇಲ್ಲಿ ಮೋಡ ನೆಲಕ್ಕೆ ಇಳಿದಿದೆ, ಗಾಳಿ ಅಡ್ಡ ಇದೆ. ಬಂದು ಇಳಿಯೋಕೆ ಆಗ್ದಿದ್ರೆ ಆಮೇಲೆ ಹೋಗೋಕೆ ಇನ್ನೊಂದು ಜಾಗ ಹತ್ರ ಇಲ್ವಲ್ಲ. ವಾಪಸ್ ಹೋಗೋಷ್ಟು ಎಣ್ಣೆ ಇರೋವಾಗ್ಲೇ ತಿರುಗಿಸಿದ್ರು.”

“ಸಂಜೆ ಮತ್ತೆ?”

“ಇಲ್ಲ. ಇನ್ನು ಮಂಗಳವಾರ.”

ವಿಲಿತಾಮಾ ಗಡಿಯಾರ ನೋಡಿದ. ನಂತರ ಯಂತ್ರ ಎತ್ತಿಕೊಂಡು ಮತ್ತೆ ಶುರುಮಾಡಿದ. ಮಿತಿಪೆಲೊ ಫಿಸಾನ ಮುಖ ನೋಡಿದ. ಹನ್ನೆರಡೂ ಕಾಲಿಗೆ ಗುಂಡಿ ಎದೆಮಟ್ಟ ಬಂತು. ಅವನು ಗೋಡೆ ಸವರಿದ, ಹರಳನ್ನೂ ಹಾಸಿದ. ಯಾಕೆ ಮುಗಿಸಿದ ಎಂದು ಮುಂದೆ ಮಿತಿಪೆಲೊ ಕೇಳಿದಾಗ, “ಅರ್ಧ ಗುಂಡಿ ಯಾರಿಗೂ ಬೇಡ,” ಎಂದನಂತೆ.

ಎರಡೂವರೆಗೆ ಅತಾಲಿನಾ ಫೋನು ಮಾಡಿದಳು. ನಾಲ್ಕೂವರೆ ಗಂಟೆ ಆಕಾಶದಲ್ಲಿದ್ದು ಹೊರಟಲ್ಲಿಗೇ ಬಂದು ಇಳಿದಿದ್ದಳು. “ಅಮ್ಮನ್ನ ವಾಪಸ್ ಕೆಳಗಿಳಿಸಿ ಗೋದಾಮಲ್ಲಿ ಇಟ್ಟಿದಾರೆ ಮಾಮಾ. ಡೇನಿಯಲ್ ಬಂದಿದಾನೆ. ಇಲ್ಲಿ ಎಲ್ಲರಿಗೂ ಸೀಟು ಬೇಕು, ಗಲಾಟೆ. ಮುಂದಿನ ವಿಮಾನದಲ್ಲಿ ಪೆಟ್ಟಿಗೆಗೆ ಜಾಗ ಇರತ್ತೆ ಅಂತ ಯಾರೂ ಖಡಾಖಂಡಿತ ಹೇಳ್ತಿಲ್ಲ.”

“ಇರತ್ತೆ. ನೀನು ಹೇಳು ಅವರಿಗೆ.”

“ಹೇಳ್ದೆ ಮಾಮಾ.” ಅವಳ ನಿಯುವೆ ಮಾತು ಎಂದೂ ಸರಾಗವಲ್ಲ. ದಣಿವಿಗೆ ಇನ್ನಷ್ಟು ಮುರಿದಿತ್ತು. “ಡೇನಿಯಲ್ ಅಂತಾನೆ, ಅಮ್ಮನಿಗೇ ಬರೋಕೆ ಇಷ್ಟ ಇಲ್ವೇನೋ ಅಂತ.”

“ಗಾಳಿಗೆ ಇಷ್ಟ ಇರ್ಲಿಲ್ಲ. ಅಷ್ಟೇ.”

ಮೂರು ಗಂಟೆಯಿಂದ ಮಳೆ ಹಿಡಿಯಿತು. ಬಂದವರು ಜಗಲಿಯಲ್ಲಿ ಕೂತು, ಹೆಣವಿಲ್ಲದ ಊಟವನ್ನು ಹೇಗೆ ಶುರುಮಾಡುವುದೆಂದು ತಿಳಿಯದೆ ಪಾದ್ರಿಯ ಮುಖ ನೋಡಿದರು. ಪಾದ್ರಿ ಪ್ರಾರ್ಥನೆ ಹೇಳಿದ. ಉಂಡರು. ಉಂಡೆದ್ದ ಮೇಲೆ ಮಿತಿಪೆಲೊ ತಗಡಿನ ಹಾಳೆ ಹುಡುಕಿ ತಂದ.

“ಇದನ್ನ ಮೇಲೆ ಹಾಸಿ, ನಾಲ್ಕು ಕಲ್ಲು ಇಟ್ಬಿಡೋಣ ಅಣ್ಣ. ಮಂಗಳವಾರ ತಾನೇ? ಇಷ್ಟು ಬಂಡೆ ಒಡೆದದ್ದನ್ನ ಮತ್ತೆ ತುಂಬಿ, ಮತ್ತೆ ತೆಗೆಯೋದಾ? ನನ್ನ ಬೆನ್ನು ನಿನ್ನ ಅಪ್ಪನ ಆಸ್ತಿ ಅಲ್ಲ.”

“ನಿನ್ನ ಬೆನ್ನು ಬೇಡ. ಸಲಿಕೆ ಕೊಟ್ಟು ಹೋಗು.”

“ಯಾವ ಕಾಲದ ಕಟ್ಟಳೆ ಅದು? ಆಗ ವಿಮಾನ ಇತ್ತಾ?”

ತಿಫಾ ಚಿಕ್ಕಮ್ಮ ಜಗಲಿಯಿಂದಲೇ ಕೂಗಿದಳು. “ತಗಡು ಹಾಕಿದ್ರೆ ಬಾಯಿ ಮುಚ್ಚಿದ ಹಾಗಾ? ನಿನ್ನ ಬಾಯಿಗೆ ಹಾಕ್ಕೋ ಅದನ್ನ! ಈ ಮನೇಲಿ ಉಳಿದಿರೋದು ನಾನೂ ಅವನೂ. ಇಬ್ಬರಲ್ಲಿ ಯಾರನ್ನ ಕೊಡ್ತೀಯ, ಹೇಳು!”

ಮಿತಿಪೆಲೊ ತಗಡು ಒಗೆದು ಸಲಿಕೆ ಹಿಡಿದ. ಇಬ್ಬರೂ ಮಳೆಯಲ್ಲೇ ತುಂಬಿದರು. ಒಡೆದ ಬಂಡೆ ಹೊರಗೆ ಬಂದಾಗ ಹೆಚ್ಚು ಜಾಗ ಹಿಡಿಯುತ್ತದೆ. ಗುಂಡಿ ತುಂಬಿಯೂ ಒಂದು ರಾಶಿ ಮಿಕ್ಕಿತು. ಅದನ್ನು ವಿಲಿತಾಮಾ ಮೇಲೆ ದಿಬ್ಬದಂತೆ ಏರಿಸಿ ಸಲಿಕೆಯ ಬೆನ್ನಿಂದ ತಟ್ಟಿದ. ನೋಡುವವರಿಗೆ ಒಳಗೆ ಯಾರನ್ನೋ ಇಟ್ಟಂತೆಯೇ ಕಾಣುತ್ತಿತ್ತು.

ಆರೂವರೆಗೆ ಮತ್ತೆ ಫೋನು. ಬಟ್ಟೆ ಬದಲಿಸದೆ, ಮೆಟ್ಟಿಲಿನ ಮೇಲೆ ನಿಂತೇ ಎತ್ತಿಕೊಂಡ.

“ಮಾಮಾ, ಗುಂಡಿ ಏನಾಯ್ತು?” ಅತಾಲಿನಾ ಕೇಳಿದಳು.

“ಮುಚ್ಚಿದೆ.”

“ಮುಚ್ಚಿಬಿಟ್ರಾ?”

“ಮುಚ್ಚಿದೆ ಮಗಾ. ಎಲ್ಲಾ ಕ್ರಮವಾಗಿ ಆಯ್ತು. ಊಟಾನೂ ಆಯ್ತು. ಊರೆಲ್ಲ ಬಂದಿತ್ತು.”

“ಸರಿ ಮಾಮಾ. ನಿಮಗೂ ದಣಿವಾಗಿರತ್ತೆ. ಮಲಗಿ,” ಎಂದಳು.

ಹುಡುಗಿ ಒಳ್ಳೆಯವಳು, ಅಕ್ಕನ ಹಾಗೆ, ಎಂದು ವಿಲಿತಾಮಾ ಅಂದುಕೊಂಡ. ಮುಚ್ಚಿದ್ದು ಯಾಕೆ ಎಂದು ಹೇಳಬೇಕೆಂದು ಅವನಿಗೆ ಹೊಳೆಯಲೇ ಇಲ್ಲ. ಐವತ್ತೆಂಟು ವರ್ಷಗಳ ಬದುಕಿನಲ್ಲಿ ಅದನ್ನು ಯಾರಿಗೂ ಹೇಳುವ ಪ್ರಸಂಗ ಬಂದಿರಲಿಲ್ಲ.

ಶನಿವಾರ ಗಾಳಿ ಇನ್ನೂ ಜೋರಾಯಿತು. ಊರಿಗೆ ಫೋನು ಸಿಗಲಿಲ್ಲ, ಕರೆಂಟು ಬಂದು ಹೋಗಿ ಮಾಡಿತು. ವಿಲಿತಾಮಾ ಮಿತಿಪೆಲೊನ ಮನೆಗೆ ನಡೆದು ಹೋಗಿ, ಮಂಗಳವಾರ ಬೆಳಿಗ್ಗೆ ಯಂತ್ರ ಬೇಕೆಂದು ಹೇಳಿ ಬಂದ. ಬಿಳಿ ಹರಳು ಕಲ್ಲಿನ ಜೊತೆ ಕಲೆತುಹೋಗಿತ್ತು. ಗಾಳಿ ತಗ್ಗಿದಾಗ ಕಡಲಿಗಿಳಿದು ಎರಡು ಚೀಲ ಹೊಸದು ಹೊತ್ತು ತಂದ. ತಿಫಾ ಚಿಕ್ಕಮ್ಮ ಕೋಳಿ ಯಾವುದು ಕೊಯ್ಯುವುದೆಂದು ನೋಡಿಟ್ಟಳು.

ಭಾನುವಾರ ಗಾಳಿ ನಿಂತಿತ್ತು. ಚರ್ಚಿನ ಬೆಳಗಿನ ಪ್ರಾರ್ಥನೆಗೆ ಬಿಳಿ ಅಂಗಿ ತೊಟ್ಟು ಹೋದ. ಪಾದ್ರಿ ಹಿವಾಳ ಹೆಸರು ಹೇಳಿ, ಅವಳು ದಾರಿಯಲ್ಲಿದ್ದಾಳೆ, ಸುಖವಾಗಿ ಬರಲಿ ಎಂದು ಪ್ರಾರ್ಥಿಸಿದ. ಎಲ್ಲರೂ ಆಮೆನ್ ಎಂದರು. ಆಗ ಗಂಟೆ ಹತ್ತೂವರೆ. ಆಕ್ಲೆಂಡಿನಲ್ಲೂ ಹತ್ತೂವರೆಯೇ, ಆದರೆ ಸೋಮವಾರ.

ಫೋನು ಸರಿಹೋದದ್ದು ಮಧ್ಯಾಹ್ನ ಎರಡರ ಮೇಲೆ. ಅವನು ಉಂಡು, ಜಗಲಿಯಲ್ಲಿ ಕೂತು ತಟ್ಟೆ ತೊಳೆಯದೆ ಹಾಗೇ ಇಟ್ಟುಕೊಂಡಿದ್ದ.

“ಮಾಮಾ, ಅಮ್ಮನ್ನ ಅಪ್ಪನ ಪಕ್ಕ ಇಟ್ವಿ,” ಎಂದಳು ಅತಾಲಿನಾ. “ಬೆಳಿಗ್ಗೆ ಹತ್ತಕ್ಕೆ. ಈಗ ಮನೆಗೆ ಬಂದ್ವಿ. ನಿನ್ನೆಯಿಂದ ಮಾಡ್ತಿದೀನಿ, ನಿಮ್ಮದು ಸಿಗ್ಲೇ ಇಲ್ಲ.”

ವಿಲಿತಾಮಾ ಎದ್ದು ನಿಂತ. “ಯಾಕೆ?” ಎಂದ.

“ನೀವು ಮುಚ್ಚಿಬಿಟ್ರಲ್ಲ ಮಾಮಾ. ನಾನು ಡೇನಿಯಲ್‌ಗೆ ಹೇಳ್ದೆ. ಮಾಮಾನೂ ಸಾಕು ಅಂದ್ರು, ಎಲ್ಲಾ ಕ್ರಮವಾಗಿ ಮುಗಿಸಿದ್ರಂತೆ, ಇನ್ನು ಅವರನ್ನ ಎಳೆದಾಡೋದು ಬೇಡ ಅಂತ ಅವನಂದ. ನನಗೂ ಹಾಗೇ ಅನ್ನಿಸ್ತು. ಪೆಟ್ಟಿಗೆಗೆ ಜಾಗ ಇದೆಯೋ ಇಲ್ವೋ ಕೂಡ ಗೊತ್ತಿರ್ಲಿಲ್ಲ.” ಅವಳು ಮೂಗು ಒರೆಸಿಕೊಂಡದ್ದು ಕೇಳಿಸಿತು. “ನಿಮ್ಮ ಮೇಲೆ ನಮಗೇನೂ ಬೇಜಾರಿಲ್ಲ ಮಾಮಾ. ನೀವು ಮಾಡೋಷ್ಟು ಮಾಡಿದ್ರಿ.”

ಅಂಗಳದಲ್ಲಿ ದಿಬ್ಬ, ಅದರ ಪಕ್ಕ ಎರಡು ಚೀಲ ಹರಳು. ಮಳೆ ತೊಳೆದ ಕಲ್ಲಿನ ಚೂರುಗಳು ಬಿಸಿಲಿಗೆ ಬೆಳ್ಳಗೆ ಕಾಣುತ್ತಿದ್ದವು. ಕಟ್ಟಳೆಯ ವಿಷಯ ಹೇಳಬಹುದಿತ್ತು. ಎರಡು ಮಾತಿನಲ್ಲಿ ಮುಗಿಯುವ ಸಂಗತಿ. ಹೇಳಿದರೆ ಮೂರೂವರೆ ಗಂಟೆಯ ಆಚೆ ಆ ಹುಡುಗಿ ಅದನ್ನು ಹೊತ್ತು ಏನು ಮಾಡಬೇಕು ಎಂದು ಅವನಿಗೆ ತಿಳಿಯಲಿಲ್ಲ.

“ಸರಿ ಮಗಾ,” ಎಂದ. “ಏನಾದ್ರೂ ತಿಂದ್ರಾ?”

“ತಿಂದ್ವಿ. ಮಾಮಾ, ನಾನು ಬರ್ತೀನಿ. ಟಿಕೆಟ್ ಹಾಗೇ ಇದೆ, ಮುಂದಿನ ವಿಮಾನಕ್ಕೆ ಬದಲಿಸಿ ಕೊಟ್ಟಿದಾರೆ. ಅಮ್ಮನ ಒಡವೆ ವಸ್ತು ಅಂತ ಏನೂ ಇಲ್ಲ, ಅವಳು ಹೆಣೆದ ಟೋಪಿ, ಬೈಬಲ್ಲು, ಅಷ್ಟೇ. ಅದನ್ನ ತರ್ತೀನಿ.”

“ಬಾ.”

ತಿಫಾ ಚಿಕ್ಕಮ್ಮನಿಗೆ ಅವನೇ ಹೇಳಿದ. ಮುದುಕಿ ಅಳಲಿಲ್ಲ. ನೋಡಿಟ್ಟಿದ್ದ ಕೋಳಿಯನ್ನು ಗೂಡಿನಿಂದ ಬಿಟ್ಟಳು.

ಮಂಗಳವಾರ ವಿಮಾನ ಹನ್ನೆರಡೂ ಇಪ್ಪತ್ತಕ್ಕೇ ಇಳಿಯಿತು. ಬೆನ್ನಿಗೆ ಗಾಳಿ ಇತ್ತು. ಸಾಮಾನಿನ ಜಾಗದಿಂದ ಅಕ್ಕಿ, ಮೊಟ್ಟೆ, ಟಯರು ಇಳಿದವು. ಪೆಟ್ಟಿಗೆಗೆ ಬೇಕಾದಷ್ಟು ಜಾಗವಿತ್ತು ಎಂಬುದನ್ನು ಫಿಸಾ ನೋಡಿದ, ವಿಲಿತಾಮಾಗೆ ಹೇಳಲಿಲ್ಲ. ಅತಾಲಿನಾ ಮೂವತ್ತನಾಲ್ಕರ ಹೆಂಗಸು. ಅಕ್ಕನದೇ ಅಗಲ ಭುಜ, ಅಕ್ಕನದೇ ನಡಿಗೆ. ಮಾಮನ ಕುತ್ತಿಗೆಗೆ ಜೋತುಬಿದ್ದು ಬಹಳ ಹೊತ್ತು ಬಿಡಲಿಲ್ಲ.

ಮನೆಯ ಮುಂದೆ ಗಾಡಿ ನಿಂತಾಗ ಅವಳು ಅಜ್ಜಿಯ ಗೋರಿಯನ್ನು ಗುರುತು ಹಿಡಿದಳು. ಪಕ್ಕದ ದಿಬ್ಬ ನೋಡಿ ನಿಂತಳು.

“ಇದಾ ಮಾಮಾ?”

“ಇದೇ.”

“ಎಷ್ಟು ಅಗಲ!”

“ಅವಳು ಹೇಳಿದ್ಲು,” ಎಂದ ವಿಲಿತಾಮಾ.

ಊಟಕ್ಕೆ ಕೂತಾಗ ಅದು ಹೊರಬಿತ್ತು. ಅತಾಲಿನಾ ಮರ್ಯಾದೆಯ ಮಾತಾಡಲು ಹೋಗಿ, “ಅಜ್ಜಿ, ಮಾಮಾ ಅವತ್ತೇ ಮುಚ್ಚಿದ್ದು ಒಳ್ಳೇದಾಯ್ತು. ಇಲ್ದಿದ್ರೆ ನಾವು ಅಣ್ಣತಂಗಿ ಇನ್ನೂ ಜಗಳ ಆಡ್ತಿದ್ವಿ,” ಎಂದಳು.

ತಿಫಾ ಚಿಕ್ಕಮ್ಮ ಕೈಯಲ್ಲಿದ್ದ ತುತ್ತು ಎಲೆಗೆ ಹಾಕಿದಳು. “ಒಳ್ಳೇದಾಯ್ತಾ? ಮುಚ್ಚದೆ ಇನ್ನೇನು ಮಾಡ್ತಾನೆ? ತೋಡಿದ ಗುಂಡಿ ರಾತ್ರಿ ಬಿಟ್ಟು ನನ್ನನ್ನ ಅದಕ್ಕೆ ಹಾಕ್ಲಾ? ಇವತ್ತು ಬೆಳಿಗ್ಗೆ ಮತ್ತೆ ತೋಡೋನಿದ್ದ. ಯಂತ್ರಕ್ಕೆ ಹೇಳಿಟ್ಟಿದ್ದ. ಹರಳು ಹೊತ್ತು ತಂದಿದ್ದ, ಆ ಗಾಳೀಲಿ, ಈ ವಯಸ್ಸಲ್ಲಿ. ನೀವೇ ಅಲ್ವಾ ಅವಳನ್ನ ಅಲ್ಲಿ ಹಾಕಿದ್ದು!”

“ಚಿಕ್ಕಮ್ಮ, ಸಾಕು,” ಎಂದ ವಿಲಿತಾಮಾ.

“ಏನು ಸಾಕು? ಗೊತ್ತಿಲ್ವಾ ಅವಳಿಗೆ? ಹಿವಾಳ ಮಗಳು ಅಲ್ವಾ?”

ಅತಾಲಿನಾ ಒಬ್ಬರಾದ ಮೇಲೆ ಒಬ್ಬರ ಮುಖ ನೋಡಿದಳು. ಮಾತು ಅರ್ಥವಾಗಿತ್ತು, ಅದು ಒಳಗಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

“ಮತ್ತೆ ತೋಡ್ತಿದ್ರಾ ಮಾಮಾ?”

“ತೋಡ್ತಿದ್ದೆ.”

“ವಿಮಾನ ಬರೋಷ್ಟರಲ್ಲಿ ಆಗ್ತಿತ್ತಾ?”

“ಒಡೆದ ಕಲ್ಲು, ಸಡಿಲ ಇತ್ತು,” ಎಂದ ವಿಲಿತಾಮಾ. “ಎರಡು ಗಂಟೆ ಸಾಕಾಗ್ತಿತ್ತು.”

ಅವಳು ಎದ್ದು ಹೊರಗೆ ಹೋದಳು. ದಿಬ್ಬದ ಪಕ್ಕ, ಹರಳಿನ ಚೀಲದ ಮೇಲೆ ಕೂತಳು. ತಿಫಾ ಚಿಕ್ಕಮ್ಮ ಈಗ ಅಳತೊಡಗಿದ್ದಳು. ಹೇಳಬಾರದಿತ್ತು ಎಂದು ಅವಳಿಗೂ ತಿಳಿದಿತ್ತು. ಸುಮಾರು ಹೊತ್ತಾದ ಮೇಲೆ ವಿಲಿತಾಮಾ ಹೋಗಿ ಎದುರಿಗೆ ನಿಂತ.

“ನಮಗೆ ಯಾರೂ ಹೇಳಿರ್ಲಿಲ್ಲ ಮಾಮಾ.”

“ನಾನು ಹೇಳ್ಬೇಕಿತ್ತು.”

“ಅಮ್ಮನಿಗೆ ಗೊತ್ತಿತ್ತಾ?”

“ಅವಳೇ ನನಗೆ ಕಲಿಸಿದ್ದು. ಅಪ್ಪ ಮಾತಾಡೋನಲ್ಲ.”

ಅಮ್ಮನನ್ನು ಹೊರಗೆ ತೆಗೆದು ತರಬಹುದೇ ಎಂದು ಅವಳು ಕೇಳಿದಳು. ತರಬಹುದು, ಅದಕ್ಕೆ ಸರ್ಕಾರದ ಅಪ್ಪಣೆ ಬೇಕು, ಡೇನಿಯಲ್‌ನ ರುಜು ಬೇಕು. ಡೇನಿಯಲ್‌ನ ಹೆಸರು ಬಂದದ್ದೇ ಅವಳು ತಲೆ ಅಲ್ಲಾಡಿಸಿದಳು. ಅವನು ಈಗಾಗಲೇ ಎರಡು ಸಲ ಹೋಗಿ ಹೂವಿಟ್ಟು ಬಂದಿದ್ದ. ಅಮ್ಮ ಹತ್ತಿರವೇ ಉಳಿದಳು ಎಂದು ಅವನಿಗೆ ಎರಡು ರಾತ್ರಿಯಿಂದ ನಿದ್ದೆ ಬರುತ್ತಿತ್ತು.

“ಅವನಿಗೆ ಹೇಳ್ಬೇಡಿ,” ಎಂದಳು.

“ಹೇಳಲ್ಲ.”

ಶುಕ್ರವಾರದ ವಿಮಾನದಲ್ಲಿ ಅವಳು ವಾಪಸು ಹೋದಳು. ಟೋಪಿಯನ್ನೂ ಬೈಬಲ್ಲನ್ನೂ ದಿಬ್ಬದೊಳಗೆ ಇಡೋಣವೇ ಎಂದು ಕೇಳಿದ್ದಕ್ಕೆ ವಿಲಿತಾಮಾ ಬೇಡವೆಂದ. ಅವು ಮನೆಯ ಗೋಡೆಯ ಮೊಳೆಯಲ್ಲಿವೆ. ದಿಬ್ಬವನ್ನು ಅವನು ಒಂದು ವಾರ ಬಿಟ್ಟು ಸಮ ಮಾಡಿದ. ಮಿಕ್ಕ ಕಲ್ಲನ್ನು ಮಿತಿಪೆಲೊ ರಸ್ತೆಯ ಹೊಂಡಕ್ಕೆ ಒಯ್ದ.

ಅದಾದ ಮೇಲೆ ನಾಲ್ಕು ಹೆಣ ಬಂದಿವೆ. ವಿಲಿತಾಮಾ ಈಗ ಆಕ್ಲೆಂಡಿನ ಫೋನಿಗೆ ಕಾಯುವುದಿಲ್ಲ. ವಿಮಾನದ ಚಕ್ರ ನೆಲಕ್ಕೆ ತಾಗಿ, ಪೆಟ್ಟಿಗೆ ಇಳಿದು, ಊರೊಳಗೆ ಬಂದು, ಅವನು ಅದರ ಮುಚ್ಚಳದ ಮೇಲೆ ಕೈಯಿಟ್ಟು ನೋಡಿದ ಮೇಲೆಯೇ ಯಂತ್ರ ಶುರುವಾಗುತ್ತದೆ. ಅಲ್ಲಿಂದ ಮೂರೂವರೆ ಗಂಟೆ ಊರಿಗೆ ಊರೇ ಕಾಯಬೇಕು. ಮುದುಕರಿಗೆ ಬಿಸಿಲಿನಲ್ಲಿ ತಲೆ ಸುತ್ತುತ್ತದೆ, ಮಕ್ಕಳು ಅಳುತ್ತವೆ, ಹಾಡುವವರು ಹಾಡು ಮುಗಿಸಿ ಮತ್ತೆ ಮೊದಲಿನಿಂದ ಹಾಡುತ್ತಾರೆ. ಕಳೆದ ತಿಂಗಳು ಪಾದ್ರಿ ಗುಂಡಿಯ ಅಂಚಿಗೆ ಬಂದು, ಯಂತ್ರದ ಸದ್ದಿನ ಮೇಲೆ ದನಿ ಎತ್ತಿ ಕೇಳಿದ.

“ವಿಲಿತಾಮಾ, ಹೆಣ ಇಟ್ಕೊಂಡು ಇಷ್ಟು ಹೊತ್ತು ಕಾಯಿಸೋದು ಸರೀನಾ? ಮೊದಲಿನ ಹಾಗೆ ಮಾಡ್ಬಾರದಾ?”

ವಿಲಿತಾಮಾ ಯಂತ್ರ ನಿಲ್ಲಿಸಲಿಲ್ಲ. ಸೊಂಟಮಟ್ಟ ಬಂದಿತ್ತು.

“ಕಾಯ್ಲಿ ಪಾದ್ರಿಗಳೇ,” ಎಂದ. “ಬಂದಿದಾರಲ್ಲ.”